ಸಿಂಬಳ ಹಳದಿಯಾದರೆ ಆಂಟಿಬಯೋಟಿಕ್ ಬೇಕೇ?

ಪ್ರಶ್ನೆ: ಶಿಶುವಿಹಾರಕ್ಕೆ ಸೇರಿದಾಗಿನಿಂದ ನನ್ನ ಮೂರು ವರ್ಷದ ಮಗನಿಗೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ನೆಗಡಿ, ಕೆಮ್ಮು ಬರುತ್ತಿದೆ. ಈ ಬಾರಿ ಜ್ವರ ಎರಡೇ ದಿನಕ್ಕೆ ಇಳಿದು ಆಟವಾಡುತ್ತಿದ್ದಾನೆ. ಆದರೆ ಐದು ದಿನಗಳಾದರೂ ಕೆಮ್ಮು ನಿಂತಿಲ್ಲ, ಸಿಂಬಳ ಹಳದಿಯಾಗಿದೆ. ವೈದ್ಯರು ಆಂಟಿಬಯೋಟಿಕ್ ಬೇಡವೆಂದರು. ಕಳೆದ ತಿಂಗಳು ಉಳಿದ ಸಿರಪ್ ಫ್ರಿಜ್‌ನಲ್ಲಿದೆ, ಅದನ್ನೇ ಕೊಡೋಣವೆಂದು ಅತ್ತೆಯವರು ಹೇಳುತ್ತಿದ್ದಾರೆ. ಕೊಡಬಹುದೇ?
– ಒಬ್ಬ ತಾಯಿ, ಹಾಸನ

ಉತ್ತರ: ದಯವಿಟ್ಟು ಕೊಡಬೇಡಿ. ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ. ಮಕ್ಕಳ ನೆಗಡಿ, ಕೆಮ್ಮುಗಳಲ್ಲಿ ಹೆಚ್ಚಿನವು ವೈರಸ್‌ಗಳಿಂದ ಬರುತ್ತವೆ, ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ. ಸೋಂಕಿನೊಡನೆ ಹೋರಾಡಲು ಬರುವ ಬಿಳಿ ರಕ್ತಕಣಗಳಿಂದಾಗಿ ವೈರಸ್ ನೆಗಡಿಯಲ್ಲಿಯೂ ಸಿಂಬಳ ಹಳದಿ ಅಥವಾ ಹಸಿರಾಗುತ್ತದೆ. ಕೆಮ್ಮು ಪೂರ್ತಿ ಹೋಗಲು ಎರಡು, ಕೆಲವೊಮ್ಮೆ ಮೂರು ವಾರಗಳೇ ಬೇಕು. ಐದನೆಯ ದಿನ ಆಂಟಿಬಯೋಟಿಕ್ ಕೊಟ್ಟು, ತಾನಾಗಿಯೇ ಇಳಿಯುತ್ತಿದ್ದ ಕೆಮ್ಮು ಹತ್ತನೆಯ ದಿನ ಕಡಿಮೆಯಾದಾಗ, ಔಷಧಿಯಿಂದಲೇ ಗುಣವಾಯಿತೆಂದು ನಂಬಿ ಮುಂದಿನ ನೆಗಡಿಗೂ ಅದನ್ನೇ ಕೇಳುವ ಪೋಷಕರನ್ನು ನಾನು ದಿನವೂ ನೋಡುತ್ತೇನೆ. ಅನಗತ್ಯವಾಗಿ ಕೊಟ್ಟ ಔಷಧಿಯಿಂದ ಭೇದಿ, ಮೈಮೇಲೆ ದದ್ದು ಆಗಬಹುದು. ಮಗುವಿನ ದೇಹದಲ್ಲಿರುವ ಬ್ಯಾಕ್ಟೀರಿಯಾಗಳು ಅದಕ್ಕೆ ಬಗ್ಗದಂತಾಗಿ, ಮುಂದೆ ನಿಜವಾಗಿ ಬೇಕಾದಾಗ ಅದು ಫಲಿಸದೆ ಹೋಗಬಹುದು. ಪುಡಿಗೆ ನೀರು ಬೆರೆಸಿ ತಯಾರಿಸಿದ ಸಿರಪ್ ತಿಂಗಳವರೆಗೆ ಕೆಡದೆ ಉಳಿಯುವುದೂ ಇಲ್ಲ, ಅದನ್ನು ಇಂದೇ ತೆಗೆದುಹಾಕಿ.

ಸಿಂಬಳದ ಬಣ್ಣಕ್ಕಿಂತ ಉಸಿರಾಟವನ್ನು ಗಮನಿಸಿ. ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದರಿಂದ ಐದು ವರ್ಷದ ಮಕ್ಕಳಲ್ಲಿ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡು ತಿಂಗಳು ತುಂಬಿದ, ವರ್ಷ ತುಂಬದ ಕೂಸುಗಳಲ್ಲಿ 50 ಅಥವಾ ಹೆಚ್ಚು ಬಾರಿ ಉಸಿರಾಡಿದರೆ ಅದು ವೇಗದ ಉಸಿರಾಟ. ಹೀಗೆ ಉಸಿರು ವೇಗವಾಗಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಏನನ್ನೂ ಕುಡಿಯದಿದ್ದರೆ, ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಳಿದ ಜ್ವರ ಮರಳಿದರೆ, ಕಿವಿ ನೋವೆಂದು ಅತ್ತರೆ ವೈದ್ಯರನ್ನು ಮತ್ತೆ ಕಾಣಿರಿ. ನ್ಯುಮೋನಿಯಾದಂತಹ ಸೋಂಕಿಗೆ ಅವರು ಆಂಟಿಬಯೋಟಿಕ್ ಬರೆದರೆ ಹಿಂಜರಿಯದೆ, ಹೇಳಿದಷ್ಟು ದಿನ ಕೊಡಿ.

ಸದ್ಯಕ್ಕೆ ಮೂಗಿಗೆ ಸಲೈನ್ ಹನಿ, ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಸಾಕು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು. ಅತ್ತೆಯವರ ಆತಂಕ ಸಹಜವಾದುದೇ, ಉಸಿರು ಎಣಿಸುವುದನ್ನು ಅವರಿಗೂ ತೋರಿಸಿಕೊಡಿ.