ಕೋಚ್ ಆಗಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದೋಕೆ ಅಮೆರಿಕಕ್ಕೆ ಬಂದಿದ್ದೀಯ. ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸ, ಅಂದರೆ ಓದುತ್ತಲೇ ಕೋಚ್‌ಗಳಿಗೆ ನೆರವಾಗೋ ಕೆಲಸ, ಸಿಗೋ ಹಾಗಿದೆ, ಹಿಡಿಯಲಾ, ಮುಂದೆ ಕೋಚ್ ಆಗಬಹುದಾ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಚಳಿ ಕೋಟಿನ ವಿಷಯ. ಕೋಟು ಇಲ್ಲೇ ತಗೋ. ಸ್ಟೇಡಿಯಂ ಪಕ್ಕ ಮನೆ ಮಾಡಬೇಡ. ಅಷ್ಟು ಸಾಕು.

ನಾನು ಓಹಾಯೊದ ಕೊಲಂಬಸ್ಸಿಗೆ ಬಂದಿಳಿದದ್ದು ಮ್ಯಾಚಿನ ಶನಿವಾರ. ಕರೆದೊಯ್ಯಲು ಬರಬೇಕಾದ ಸೀನಿಯರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದ. ಅಜ್ಜಿಯಿಂದ ಕೂಸಿನವರೆಗೆ ಎಲ್ಲರಿಗೂ ಕೆಂಪು ಅಂಗಿ. ಶಿರಸಿ ಮಾರಿಜಾತ್ರೆಯೇ ಸರಿ. ಕಾಲೇಜು ಹುಡುಗರ ಆಟಕ್ಕೆ ಲಕ್ಷ ಜನ!

ಆಡಿದ ಅನುಭವ ಇಲ್ಲ ಅಂತ ಹೆದರಬೇಡ. ಹೆಸರುವಾಸಿ ಕೋಚ್ ಮೈಕ್ ಲೀಚ್ ಕಾಲೇಜು ತಂಡಕ್ಕೆ ಆಡಿದವರಲ್ಲ, ಲಾ ಓದಿದವರು. ಆದರೂ ಟೆಕ್ಸಾಸ್ ಟೆಕ್, ವಾಷಿಂಗ್ಟನ್ ಸ್ಟೇಟ್, ಮಿಸಿಸಿಪ್ಪಿ ಸ್ಟೇಟ್ ಮೂರೂ ಯೂನಿವರ್ಸಿಟಿ ತಂಡಗಳಿಗೆ ಹೆಡ್ ಕೋಚ್ ಆದರು. ಆದರೆ ಏಣಿ ಉದ್ದ. ನಿಕ್ ಸೇಬನ್ ಕೆಂಟ್ ಸ್ಟೇಟ್‌ನಲ್ಲಿ ಇದೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಶುರು ಮಾಡಿದ್ದು 1973ರಲ್ಲಿ. ಹೆಡ್ ಕೋಚ್ ಆದದ್ದು 1990ರಲ್ಲಿ, ಟೊಲೀಡೊದಲ್ಲಿ. ಅಲಬಾಮದಲ್ಲಿ ನೆಲೆ ನಿಂತದ್ದು 2007ಕ್ಕೆ. ಏಳು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರ ಕಥೆ ಇದು. ನಿನ್ನ ಪಾಲಿಗೆ ಮೊದಲು ಬರೋದು ಮ್ಯಾಚಿನ ವಿಡಿಯೊ ಕತ್ತರಿಸೋದು, ಎದುರಾಳಿಯ ಆಟ ಬರೆದ ಕಾರ್ಡನ್ನು ಪ್ರಾಕ್ಟೀಸಿನಲ್ಲಿ ಎತ್ತಿ ಹಿಡಿಯೋದು.

ದುಡ್ಡಿನ ಸುದ್ದಿ ಓದಿ ಮರುಳಾಗಬೇಡ. 2023ರಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ಯೂನಿವರ್ಸಿಟಿ ತನ್ನ ಹೆಡ್ ಕೋಚ್ ಜಿಂಬೊ ಫಿಷರ್ ಅವರನ್ನು ತೆಗೆದಾಗ ಒಪ್ಪಂದದ ಬಾಕಿ ಅಂತ 7.5 ಕೋಟಿ ಡಾಲರಿಗೂ ಜಾಸ್ತಿ ಕೊಡಬೇಕಾಯಿತು. ಆ ಭಾಗ್ಯ ಹೆಡ್ ಕೋಚಿಗೆ ಮಾತ್ರ. ಅವನು ಹೋದರೆ ಕೈಕೆಳಗಿನವರೂ ಗಂಟುಮೂಟೆ ಕಟ್ಟಬೇಕು. ಹೊಸಬ ತನ್ನವರನ್ನೇ ಕರೆತರುತ್ತಾನೆ.

ಮುಂದೆ ನಾವಿದ್ದ ಸಣ್ಣ ಊರಿನಲ್ಲಿ ಪಕ್ಕದ ಮನೆಯವರು ಹಾಗೊಬ್ಬ ಅಸಿಸ್ಟೆಂಟ್ ಕೋಚ್. ಅವರ ಗ್ಯಾರೇಜಿನಲ್ಲಿ ಟೇಪು ಹಚ್ಚಿದ ಡಬ್ಬಗಳು ಹಾಗೇ ಇದ್ದವು. ಯಾಕೆ ಬಿಚ್ಚಿಲ್ಲ ಅಂತ ನನ್ನ ಹೆಂಡತಿ ಕೇಳಿದರೆ, "ಹೇಗೂ ಮತ್ತೆ ಕಟ್ಟಬೇಕಲ್ಲ" ಅಂತ ಆ ಕೋಚಿನ ಹೆಂಡತಿ ನಕ್ಕಿದ್ದರು. ನವೆಂಬರ್ ಕೊನೆಯಲ್ಲಿ ತಂಡ ಸೋತಿತು, ಹೆಡ್ ಕೋಚ್ ಹೋದ. ಸುದ್ದಿ ಇವರಿಗೆ ಗೊತ್ತಾದದ್ದು ಟಿವಿಯಲ್ಲಿ. ಶಾಲೆ ನಡುವೆಯೇ ಮಕ್ಕಳನ್ನು ಬಿಡಿಸಿದರು. ಅವರ ಮಗಳು ಎಲ್ಲಿ ಅಂತ ನನ್ನ ಮಗಳು ವಾರಗಟ್ಟಲೆ ಕೇಳುತ್ತಿದ್ದಳು.

ಅವರು ಮಾವನ ಮನೆಯಲ್ಲಿದ್ದು ನಿಧಾನವಾಗಿ ಬೇರೆ ಕೆಲಸ ಹುಡುಕಿಕೊಂಡರು. ಅವರದೇ ದೇಶ, ನಡೆಯುತ್ತೆ. ನಮಗೆ ಇಲ್ಲಿ ಯಾವ ಮಾವ ಇದ್ದಾನೆ ಹೇಳು? ಕೆಲಸದ ವೀಸಾ ಎಚ್-1ಬಿ ಸಿಕ್ಕಿದರೂ, ಕೆಲಸ ಹೋದರೆ ಬೇರೆ ದಾರಿ ನೋಡೋಕೆ ಹೆಚ್ಚೆಂದರೆ 60 ದಿನದ ಕಾಲಾವಕಾಶ. ಈಗ ನಿನ್ನದು ವಿದ್ಯಾರ್ಥಿ ವೀಸಾ, ಎಫ್-1. ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಫುಟ್‌ಬಾಲ್ ಆಫೀಸಿನವರಿಗೆ 20 ಗಂಟೆ ಅಂದರೆ ಎರಡು ದಿನದ ಲೆಕ್ಕ! ಒಪ್ಪಿಕೊಳ್ಳೋ ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ, ಗಂಟೆಗಳನ್ನು ಬರವಣಿಗೆಯಲ್ಲಿ ತಗೋ.

ಇನ್ನೊಂದು. ಗಣೇಶ, ದಸರಾ, ದೀಪಾವಳಿ ಮೂರೂ ಸೀಸನ್ನಿನೊಳಗೇ ಬರುತ್ತವೆ. ಡಿಸೆಂಬರಿನಲ್ಲಿ ಹೊಸ ಹುಡುಗರನ್ನು ಸೇರಿಸಿಕೊಳ್ಳೋ ಗಡಿಬಿಡಿ. ನವೆಂಬರಿನಲ್ಲಿ ಅಕ್ಕನ ಮದುವೆ ಅಂದೆಯಲ್ಲ, ರಜೆ ಬೇಕು ಅಂತ ಈಗಲೇ ಹೇಳಿಬಿಡು. ಟಿಕೆಟ್ ಆಮೇಲೆ ನೋಡೋಣ ಅಂತ ಸುಮ್ನೆ ಕೂರಬೇಡ.