ಮಂಡಿ ಕೀಲು ಬದಲಾವಣೆ: ದಿನ ಗೊತ್ತಾದ ಮೇಲೆ ಮಾಡಬೇಕಾದ್ದು
(ಓದುಗರ ಪ್ರಶ್ನೆ, ವೈದ್ಯರ ಉತ್ತರ)

ಪ್ರಶ್ನೆ: ನಮ್ಮ ತಾಯಿಯವರಿಗೆ 67 ವರ್ಷ. ಮಂಡಿ ಸವೆತದಿಂದಾಗಿ ಮೆಟ್ಟಿಲು ಹತ್ತುವುದಿರಲಿ, ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟವಾಗಿದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮುಂದಿನ ತಿಂಗಳು ಬಲ ಮಂಡಿಯ ಕೀಲು ಬದಲಾವಣೆಗೆ ದಿನ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಕೆಲವು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಈಗಿನಿಂದ ಏನು ಸಿದ್ಧತೆ ಬೇಕು? ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಸೊಂಟನೋವು ಎಂದು ನೆಂಟರು ಹೆದರಿಸುತ್ತಿದ್ದಾರೆ, ನಿಜವೇ?
– ಓದುಗರು, ಹಾಸನ

ಉತ್ತರ: ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ. ಆದ್ದರಿಂದ ದೇಹ ಸಿದ್ಧವಾಗುವವರೆಗೆ ಕಾಯುವ ಅವಕಾಶ ನಿಮಗಿದೆ, ಅಗತ್ಯಬಿದ್ದರೆ ದಿನವನ್ನು ಮುಂದಕ್ಕೆ ಹಾಕುವುದರಲ್ಲಿ ನಷ್ಟವೇನೂ ಇಲ್ಲ. ಮೊದಲು ತಾಯಿಯವರು ನುಂಗುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ ಮತ್ತು ಹೊತ್ತನ್ನು ಒಂದು ಹಾಳೆಯಲ್ಲಿ ಬರೆದು, ಅದನ್ನು ಶಸ್ತ್ರಚಿಕಿತ್ಸಕರಿಗಷ್ಟೇ ಅಲ್ಲದೆ ಅರಿವಳಿಕೆ ತಜ್ಞರಿಗೂ ತೋರಿಸಿ. ಆಯುರ್ವೇದದ ಚೂರ್ಣ, ಲೇಹ್ಯ, ಅಂಗಡಿಯಿಂದ ತಂದ ನೋವಿನ ಮಾತ್ರೆಗಳೂ ಆ ಹಾಳೆಯಲ್ಲಿರಬೇಕು. 'ಅದೇನು ಇಂಗ್ಲಿಷ್ ಮದ್ದಲ್ಲವಲ್ಲ' ಎಂದು ಹೇಳದೆ ಬಿಡುವವರೇ ಹೆಚ್ಚು.

ಸ್ಟೆಂಟ್ ಇರುವವರು ಸಾಮಾನ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುತ್ತಾರೆ. ಕ್ಲೋಪಿಡೋಗ್ರೆಲ್ ಅನ್ನು ಶಸ್ತ್ರಚಿಕಿತ್ಸೆಗೆ 5ರಿಂದ 7 ದಿನ ಮೊದಲು ನಿಲ್ಲಿಸುವುದೂ ಆಸ್ಪಿರಿನ್ ಅನ್ನು ಮುಂದುವರಿಸುವುದೂ ವಾಡಿಕೆಯಾದರೂ, ಈ ತೀರ್ಮಾನವನ್ನು ಹೃದ್ರೋಗ ತಜ್ಞರು ಬರೆದುಕೊಡಬೇಕೇ ಹೊರತು ಮನೆಯವರು ತಾವಾಗಿ ಮಾಡಬಾರದು. ತಪ್ಪು ಸಮಯದಲ್ಲಿ ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಇನ್ನೊಂದು ಎಚ್ಚರಿಕೆ ಸಕ್ಕರೆ ಮಾತ್ರೆಯದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಔಷಧಗಳು ಈಗ ಬಹಳ ಬಳಕೆಯಲ್ಲಿವೆ. ಎಷ್ಟೋ ಸಲ ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುವುದರಿಂದ, ನುಂಗುವವರಿಗೇ ಅದರ ಅರಿವಿರುವುದಿಲ್ಲ. ಇವನ್ನು ಸೇವಿಸುತ್ತ ಉಪವಾಸವಿದ್ದು ಶಸ್ತ್ರಚಿಕಿತ್ಸೆಗೆ ಒಳಗಾದರೆ, ಸಕ್ಕರೆಯ ಅಂಕಿ ಹೆಚ್ಚೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಸೇರಿ ರೋಗಿಯ ಸ್ಥಿತಿ ಗಂಭೀರವಾಗಬಹುದು. ಆದ್ದರಿಂದ ವೈದ್ಯರು ಇವನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಿ ಬದಲಿ ವ್ಯವಸ್ಥೆ ಮಾಡುತ್ತಾರೆ. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 8ಕ್ಕಿಂತ ಮೇಲಿದ್ದರೆ ಸೋಂಕಿನ ಭಯದಿಂದ ಅನೇಕ ಶಸ್ತ್ರಚಿಕಿತ್ಸಕರು ದಿನ ಮುಂದೂಡುತ್ತಾರೆ, ಅದಕ್ಕೆ ಬೇಸರಪಡಬೇಡಿ. ಹುಳುಕು ಹಲ್ಲು, ಉರಿಮೂತ್ರ, ಕಾಲ್ಬೆರಳ ಸಂದಿಯ ಹುಣ್ಣು ಇದ್ದರೂ ಮೊದಲು ಅವು ವಾಸಿಯಾಗಲಿ. ಕೃತಕ ಕೀಲಿಗೆ ತಗುಲಿದ ಸೋಂಕನ್ನು ಹೋಗಲಾಡಿಸಲು ಕೆಲವೊಮ್ಮೆ ಆ ಕೀಲನ್ನೇ ತೆಗೆಯಬೇಕಾಗುತ್ತದೆ.

ಉಪವಾಸದ ವಿಷಯದಲ್ಲಿ ನಮ್ಮ ಜನ ಎಡವುವುದು ಕಾಫಿಯಲ್ಲಿ. ಸಾಮಾನ್ಯವಾಗಿ ಲಘು ಆಹಾರಕ್ಕೆ 6 ಗಂಟೆ, ತಿಳಿ ನೀರಿಗೆ 2 ಗಂಟೆಯ ಅಂತರವಿರಬೇಕು. ಹಾಲು ಬೆರೆತ ಕಾಫಿಯನ್ನು ಆಹಾರವೆಂದೇ ಎಣಿಸಲಾಗುತ್ತದೆ. ಬೆಳಗಿನ ಒಂದು ಲೋಟ ಕಾಫಿಯಿಂದ ಇಡೀ ದಿನದ ಶಸ್ತ್ರಚಿಕಿತ್ಸೆಗಳ ಪಟ್ಟಿಯೇ ಏರುಪೇರಾಗುವುದುಂಟು.

ನೆಂಟರ ಮಾತಿಗೆ ಬರುತ್ತೇನೆ. ಬೆನ್ನಿಗೆ ಕೊಡುವ ಅರಿವಳಿಕೆಯ ಸೂಜಿ ಬಹಳ ತೆಳುವಾದದ್ದು. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು, ಕೆಲವರಿಗೆ ತಲೆನೋವೂ ಬರಬಹುದು. ಆದರೆ ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಅದು ಕಾರಣವಲ್ಲ. ಈ ವಯಸ್ಸಿನವರಲ್ಲಿ ಸೊಂಟನೋವು ಮೊದಲೇ ಇದ್ದು, ಅದರ ದೂರೆಲ್ಲ ಇಂಜೆಕ್ಷನ್ ತಲೆಗೆ ಕಟ್ಟಲ್ಪಡುವುದೇ ಹೆಚ್ಚು.

ಮನೆಯಲ್ಲಿ ಕಮೋಡ್, ಅದರ ಪಕ್ಕದ ಗೋಡೆಗೆ ಹಿಡಿಕೆ, ಎತ್ತರದ ಮಂಚ, ಕೈಯಿರುವ ಗಟ್ಟಿ ಕುರ್ಚಿ ಇರಲಿ. ಜಾರುವ ಕಾಲೊರಸುಗಳನ್ನು ತೆಗೆದಿಡಿ. ತೊಡೆಯ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ತಾಯಿಯವರು ಈಗಲೇ ಕಲಿತರೆ ಆಮೇಲೆ ಸುಲಭವಾಗುತ್ತದೆ.

ಪ್ರಶ್ನೆ: ನನ್ನ ಪತ್ನಿಗೂ ಇದೇ ಶಸ್ತ್ರಚಿಕಿತ್ಸೆ ಆಗಬೇಕಿದೆ. ಆರೋಗ್ಯ ವಿಮೆ ಇದೆ. 'ಕ್ಯಾಶ್‌ಲೆಸ್' ಎಂದರೂ ಕೊನೆಯಲ್ಲಿ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುತ್ತಾರೆಂದು ಕೇಳಿದ್ದೇನೆ.
– ಓದುಗರು, ದಾವಣಗೆರೆ

ಉತ್ತರ: ಕೀಲು ಬದಲಾವಣೆಗೆ ಬಹುತೇಕ ಪಾಲಿಸಿಗಳಲ್ಲಿ ಎರಡು ಮೂರು ವರ್ಷಗಳ ಕಾಯುವ ಅವಧಿ ಇರುತ್ತದೆ (ಅದು ಮುಗಿಯುವವರೆಗೆ ಈ ಚಿಕಿತ್ಸೆಗೆ ವಿಮೆಯ ಹಣ ಸಿಗದು), ಮೊದಲು ಅದನ್ನು ನೋಡಿ. ಎರಡನೆಯದು ಕೊಠಡಿ ಬಾಡಿಗೆಯ ಮಿತಿ. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿ ಮಿತಿಯಿದ್ದು ನೀವು 8,000 ರೂಪಾಯಿಯ ಕೊಠಡಿ ಹಿಡಿದರೆ, ಕೈಯಿಂದ ಹೋಗುವುದು ಬರೀ 3,000 ರೂಪಾಯಿಯ ವ್ಯತ್ಯಾಸವಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಮುಂತಾದ ವೆಚ್ಚಗಳನ್ನೂ ಅದೇ ಅನುಪಾತದಲ್ಲಿ ಕಡಿತಗೊಳಿಸುವ ಷರತ್ತು ಪಾಲಿಸಿಯಲ್ಲಿದ್ದರೆ, ಆ ಬಾಬ್ತಿನ 1,60,000 ರೂಪಾಯಿಗೆ ವಿಮೆಯವರು ಕೊಡುವುದು 1,00,000 ಮಾತ್ರ. ಔಷಧ, ಇಂಪ್ಲಾಂಟ್ (ಒಳಗೆ ಅಳವಡಿಸುವ ಕೃತಕ ಕೀಲು), ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಅನ್ವಯಿಸುವುದಿಲ್ಲ.

ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಮಿತಿ ಹೇರಿತು. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಇಂಪ್ಲಾಂಟ್‌ನ ಹೆಸರು, ಮಾದರಿ, ಬೆಲೆ ಪ್ರತ್ಯೇಕವಾಗಿ ಬರಲಿ ಎಂದು ಕೇಳುವುದು ನಿಮ್ಮ ಹಕ್ಕು. ಬಿಡುಗಡೆಯ ದಿನ ಇಂಪ್ಲಾಂಟ್‌ನ ಸ್ಟಿಕ್ಕರ್ ಅಂಟಿಸಿದ ದಾಖಲೆಯನ್ನು ಕೇಳಿ ಪಡೆಯಿರಿ. ಮುಂದೆಂದಾದರೂ ಮರುಶಸ್ತ್ರಚಿಕಿತ್ಸೆ ಬೇಕಾದರೆ ಅದೇ ಆಧಾರ. ಬಿಡುಗಡೆಯ ಕೋರಿಕೆ ಬಂದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸೂಚಿಸಿದೆ. ಒಪ್ಪಿಗೆ ತಡವಾದ ಕಾರಣಕ್ಕೆ ಆಸ್ಪತ್ರೆಯು ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು.

ಪ್ರಶ್ನೆ: ನನಗೆ ಶಸ್ತ್ರಚಿಕಿತ್ಸೆಯಾಗಿ ಆರು ವಾರವಾಯಿತು. ಮಂಡಿ ಇನ್ನೂ ಬೆಚ್ಚಗಿದೆ, ಸಂಜೆ ಊದುತ್ತದೆ, ಗಾಯದ ಹೊರಬದಿ ಮರಗಟ್ಟಿದೆ. ಕಾಲು ಪೂರ್ತಿ ನೇರವಾಗುತ್ತಿಲ್ಲ. ಅತ್ತೆಯವರು ನಂಜೆಂದು ಬದನೆಕಾಯಿ, ಮೊಟ್ಟೆ, ಬೇಳೆ ಕೊಡುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಬಿಸುಪು ಮತ್ತು ಸಂಜೆಯ ಊತ ಮೂರರಿಂದ ಆರು ತಿಂಗಳವರೆಗೆ ಇರುವುದು ಸಹಜ. ಚರ್ಮದ ಸಣ್ಣ ನರಗಳು ಕತ್ತರಿಸಲ್ಪಡುವುದರಿಂದ ಮರಗಟ್ಟುತ್ತದೆ. ಅದು ಕ್ರಮೇಣ ಕಡಿಮೆಯಾಗಬಹುದು, ಒಂದಿಷ್ಟು ಹಾಗೆಯೇ ಉಳಿಯಲೂಬಹುದು. ಆದರೆ ಗಾಯ ಒಸರಿದರೆ, ಜ್ವರದೊಂದಿಗೆ ಮಂಡಿ ಕೆಂಪೇರಿದರೆ, ಮೀನಖಂಡ ಬಿಗಿದು ನೋವಾದರೆ ಅದೇ ದಿನ ವೈದ್ಯರನ್ನು ಕಾಣಿ. ಉಸಿರಾಟ ಹಠಾತ್ತನೆ ಕಷ್ಟವಾದರೆ ತಡಮಾಡದೆ ಆಂಬುಲೆನ್ಸ್ ಕರೆಸಿ.

ಕಾಲು ನೇರವಾಗದಿರುವುದು ನನಗೆ ಊತಕ್ಕಿಂತ ಹೆಚ್ಚು ಯೋಚನೆಯ ವಿಷಯ. ಬಹಳಷ್ಟು ಜನ ಹಾಯೆನಿಸುತ್ತದೆಂದು ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಮಲಗುತ್ತಾರೆ, ಅದರಿಂದ ಮಂಡಿ ಬಾಗಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ದಿಂಬನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಯ ಹಿಂಭಾಗ ಹಾಸಿಗೆಯತ್ತ ಇಳಿಯುವಂತೆ ಒತ್ತಿ ಹಿಡಿದು ಬಿಡಿ. ದಿನಕ್ಕೆ ಹಲವು ಬಾರಿ ಹೀಗೆ ಮಾಡಿ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ವೈದ್ಯರು ಬರೆದ ನೋವಿನ ಮಾತ್ರೆ ತೆಗೆದುಕೊಂಡು, ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಫಿಸಿಯೋಥೆರಪಿಯವರನ್ನು ಈ ವಾರವೇ ಮತ್ತೆ ಕಾಣಿ, ಏಕೆಂದರೆ ಮೂರು ತಿಂಗಳು ಕಳೆದ ಮೇಲೆ ಬಿಗಿತ ಬಿಡಿಸುವುದು ಕಷ್ಟ.

ಗಾಯ ಮಾಯಲು, ಸ್ನಾಯು ಬಲಗೊಳ್ಳಲು ಪ್ರೋಟೀನ್ ಬೇಕು; ಬೇಳೆ, ಮೊಸರು, ಮೊಳಕೆ ಕಾಳು, ಮೊಟ್ಟೆ ತಿನ್ನಿ. ಬದನೆಕಾಯಿ ಒಂದನ್ನು ಅತ್ತೆಯವರ ಸಮಾಧಾನಕ್ಕೆ ಬಿಟ್ಟರೆ ನಷ್ಟವಿಲ್ಲ, ಬೇಳೆ ಮೊಟ್ಟೆಗಳ ವಿಷಯದಲ್ಲಿ ಮಾತ್ರ ರಾಜಿ ಬೇಡ. ಚಕ್ಕಳಮಕ್ಕಳ ಹಾಕಿ ಕೂರುವುದನ್ನು, ಕುಕ್ಕರಗಾಲಲ್ಲಿ ಕೂರುವುದನ್ನು ಸಾಮಾನ್ಯ ಇಂಪ್ಲಾಂಟ್ ಇರುವವರು ತಪ್ಪಿಸುವುದೇ ಒಳ್ಳೆಯದು. ಪೂಜೆಗೂ ಊಟಕ್ಕೂ ಕುರ್ಚಿಯನ್ನೇ ಬಳಸಿ.