ತುದಿ ಅಂಟಂಟು, ಮೇಲೆ ಬರೀ ಐಸು: ವಿಯೆಟ್ನಾಂ ಕಾಫಿ ಕ್ಯಾಂಡಿ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ವಿಯೆಟ್ನಾಂನ ಐಸ್ ಕಾಫಿ ಬಗ್ಗೆ ಬರೆಯುತ್ತಾ, ಅದನ್ನೇ ಅಚ್ಚಿಗೆ ಹಾಕಿ ಐಸ್ ಕ್ಯಾಂಡಿ ಮಾಡಬಹುದು ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಗಟ್ಟಿಯಾಗಿ ಕಾಫಿ ಇಳಿಸಿ, ಪೂರ್ತಿ ತಣ್ಣಗಾದ ಮೇಲೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಕಲಸಿ ಅಚ್ಚಿಗೆ ಸುರಿದೆ. ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದರೆ ಕ್ಯಾಂಡಿಯ ತುದಿ ಅಂಟಂಟಾಗಿ ಅಚ್ಚಿನಲ್ಲೇ ಉಳಿಯಿತು. ಕಡ್ಡಿಯ ಹತ್ತಿರ ಮಾತ್ರ ಕಲ್ಲಿನಂಥ ಐಸು, ಅದಕ್ಕೆ ರುಚಿಯೂ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಬಿಸಿ ಇರುವಾಗಲೇ ಬೆರೆಸಿ ಎಂದು ನಾನು ಬರೆಯಬೇಕಿತ್ತು. ಬರೆಯಲಿಲ್ಲ, ಕ್ಷಮಿಸಿ. ಕಂಡೆನ್ಸ್ಡ್ ಮಿಲ್ಕ್ ನೀರಿಗಿಂತ ಭಾರ. ತಣ್ಣನೆಯ ಕಾಫಿಗೆ ಹಾಕಿದರೆ ಚಮಚ ತಿರುಗಿಸುವಾಗ ಬೆರೆತ ಹಾಗೆ ಕಾಣುತ್ತದೆ, ಆಮೇಲೆ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಅಚ್ಚಿನ ತಳ ಎಂದರೆ ಕ್ಯಾಂಡಿಯ ತುದಿ ಅಲ್ವಾ? ಅಲ್ಲಿ ಸಕ್ಕರೆ ಅಷ್ಟೊಂದು ಸೇರಿಕೊಂಡರೆ ಮನೆಯ ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲೂ ಅದು ಗಟ್ಟಿಯಾಗುವುದಿಲ್ಲ. ಮೇಲೆ ಉಳಿದದ್ದು ಸಪ್ಪೆ ನೀರು, ಅದು ಕಲ್ಲಾಯಿತು. ನಿಮ್ಮ ಅಚ್ಚಿನ ಎರಡು ತೊಂದರೆಗೂ ಕಾರಣ ಒಂದೇ.

ನಾನು ಇದನ್ನು ಕಲಿತದ್ದು ಹೋ ಚಿ ಮಿನ್ ನಗರದಲ್ಲಿ. ಅಲ್ಲಿಯವರು ಈಗಲೂ ಅದನ್ನು ಸೈಗಾನ್ ಎಂದೇ ಕರೆಯುತ್ತಾರೆ. ಮನೆಯವರ ಕೆಲಸದ ನಿಮಿತ್ತ ಅಲ್ಲಿ ಎರಡು ವರ್ಷ ಇದ್ದೆವು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅಲ್ಲಿನ ಮಾತಿನಲ್ಲಿ ಅಜ್ಜಿಗೆ 'ಬಾ' ಅನ್ನುತ್ತಾರೆ. ನಾನು 'ಬಾ' ಎಂದು ಕೂಗಿದಾಗಲೆಲ್ಲ ಅವರನ್ನೇ ನಮ್ಮ ಮನೆಗೆ ಕರೆದ ಹಾಗೆ ಕೇಳಿಸಿ ನನಗೆ ಖುಷಿಯಾಗುತ್ತಿತ್ತು. ಅವರು ನನ್ನನ್ನು 'ಕೊನ್' ಅಂದರೆ ಮಗು ಎಂದು ಕರೆಯುತ್ತಿದ್ದರು. ಏಪ್ರಿಲ್‌ನ ಸುಡು ಮಧ್ಯಾಹ್ನ ಬಾಗಿಲ ಬಳಿ ಪುಟ್ಟ ಸ್ಟೂಲ್ ಹಾಕಿಕೊಂಡು, ಗಾಜಿನ ಲೋಟದ ತಳಕ್ಕೆ ಎರಡು ಬೆರಳು ದಪ್ಪ ಕಂಡೆನ್ಸ್ಡ್ ಮಿಲ್ಕ್ ಸುರಿದು, ಮೇಲೆ 'ಫಿನ್' ಕೂರಿಸುತ್ತಿದ್ದರು. ಫಿನ್ ಎಂದರೆ ತಳದಲ್ಲಿ ತೂತುಗಳಿರುವ ಪುಟ್ಟ ಲೋಹದ ಬಟ್ಟಲು. ಪುಡಿಯ ಮೇಲೆ ತೂತಿನ ಬಿಲ್ಲೆ ಇಟ್ಟು, ಮೊದಲು ಪುಡಿ ನೆನೆಯುವಷ್ಟು ಬಿಸಿನೀರು, ಅರ್ಧ ನಿಮಿಷ ಬಿಟ್ಟು ಉಳಿದದ್ದು. ಆಮೇಲೆ ತೊಟ್ಟು, ತೊಟ್ಟು. ಬಿಳಿಯ ಮೇಲೆ ಕಪ್ಪು ಹನಿ ಬಿದ್ದು, ಒಂದು ಕ್ಷಣ ಗುಂಡಗೆ ನಿಂತು, ಅಂಚಿನಿಂದ ಕಂದು ಬಣ್ಣಕ್ಕೆ ತಿರುಗುವುದನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದೆ. ಒಂದು ಲೋಟ ಇಳಿಯಲು ನಾಲ್ಕೈದು ನಿಮಿಷ. ಬೇಗ ಇಳಿದರೆ ಬಾ ಲೋಟವನ್ನು ಪಕ್ಕಕ್ಕೆ ಸರಿಸಿ ಮತ್ತೆ ಶುರು ಮಾಡುತ್ತಿದ್ದರು.

ಕಾಫಿ ಬಿಸಿಯಾಗಿ ಹಾಲಿನ ಮೇಲೆ ಬೀಳುತ್ತದೆ, ಬಿಸಿಯಲ್ಲೇ ಕಲಸುತ್ತಾರೆ, ಐಸು ಕೊನೆಗೆ. ಕ್ಯಾಂಡಿಗೂ ಅದೇ ಕ್ರಮ.

ಈಗ ನನ್ನ ಅಳತೆ. 60 ಮಿಲಿಯ ಐದಾರು ಅಚ್ಚಿಗೆ ಸಾಕಾಗುತ್ತದೆ. ಕಡು ಹುರಿದ ಕಾಫಿ ಪುಡಿ 45 ಗ್ರಾಂ, ಕುದಿ ಇಳಿದ ನೀರು 330 ಮಿಲಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರು ಕುಡಿದುಬಿಡುತ್ತದೆ, ಹಾಗಾಗಿ ನಿಮಗೆ 240 ಮಿಲಿ ಡಿಕಾಕ್ಷನ್ ಸಿಗುತ್ತದೆ. ಪುಟ್ಟ ಫಿನ್ ಆದರೆ ಎರಡು ಮೂರು ಸಲ ಇಳಿಸಬೇಕು. ಮೊದಲು ಇಳಿದದ್ದು ಅಷ್ಟರಲ್ಲಿ ಆರಿದ್ದರೆ ಎಲ್ಲ ಸೇರಿಸಿ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಅದಕ್ಕೆ ಕಂಡೆನ್ಸ್ಡ್ ಮಿಲ್ಕ್ 120 ಗ್ರಾಂ, ಚಿಟಿಕೆ ಉಪ್ಪು. ತಳ ಮುಟ್ಟಿ ಕಲಸಿ. ರುಚಿ ನೋಡಿದಾಗ ಕುಡಿಯುವ ಕಾಫಿಗಿಂತ ಒಂದು ಪಟ್ಟು ಗಟ್ಟಿ, ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆಮೇಲೆ ಆರಲು ಬಿಟ್ಟು, ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ಅಲ್ಲಿಂದ ಅಚ್ಚಿಗೆ. ಬಿಸಿಯಾಗಿ ಫ್ರೀಜರ್‌ಗೆ ಹಾಕಿದರೆ ನಿಧಾನಕ್ಕೆ ಹೆಪ್ಪುಗಟ್ಟಿ ಐಸಿನ ಹರಳು ದೊಡ್ಡದಾಗುತ್ತದೆ, ತಿನ್ನುವಾಗ ಕರಕರ ಅನ್ನುತ್ತದೆ. ಅಚ್ಚಿನ ಬಾಯಿಯಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ, ನೀರು ಐಸಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ. ಏಳೆಂಟು ಗಂಟೆ ಸಾಕು.

ಪ್ರಶ್ನೆ: ಕಂಡೆನ್ಸ್ಡ್ ಮಿಲ್ಕ್ ಯಾಕೆ ಬೇಕು? ಮನೆಯಲ್ಲಿರುವ ಹಾಲು, ಸಕ್ಕರೆ ಹಾಕಿದರೆ ಆಗುವುದಿಲ್ಲವೇ?

ಉತ್ತರ: ಸುಮ್ನೆ ಹಾಲು, ಸಕ್ಕರೆ ಹಾಕಿದರೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಅಷ್ಟು ನೀರು ಸೇರಿದರೆ ಕ್ಯಾಂಡಿ ಗಡುಸಾಗುತ್ತದೆ, ಕಾಫಿಯೂ ತೆಳ್ಳಗಾಗುತ್ತದೆ. ವಿಯೆಟ್ನಾಂನಲ್ಲಿ ಇದು ರೂಢಿಗೆ ಬಂದದ್ದಕ್ಕೂ ಕಾರಣವಿದೆ. ಫ್ರೆಂಚರು 1857ರ ಸುಮಾರಿಗೆ ಕಾಫಿ ಗಿಡ ತಂದರು. ಆದರೆ ಆ ಸೆಕೆಯಲ್ಲಿ ತಾಜಾ ಹಾಲು ಸಿಗುವುದೂ ಕಷ್ಟ, ಉಳಿಯುವುದೂ ಕಷ್ಟ. ಡಬ್ಬಿಯ ಹಾಲು ಕೆಡುತ್ತಿರಲಿಲ್ಲ. ಅಲ್ಲಿನ ಕಡು ಕಹಿ ಕಾಫಿಗೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ ಈಗ ತಾಜಾ ಹಾಲು ಧಾರಾಳವಾಗಿ ಸಿಕ್ಕರೂ ಜನ ಅದನ್ನು ಬಿಟ್ಟಿಲ್ಲ. ಅಂಗಡಿಗಳಲ್ಲಿ 'ಕಾ ಫೆ ಸುವಾ ದಾ' ಎಂದು ಕೇಳಿದರೆ ಬರುವುದು ಇದೇ. ಕಾಫಿ, ಹಾಲು, ಐಸು ಎಂದು ಅದರ ಅರ್ಥ.

ಡಬ್ಬಿ ಬೇಡವೆಂದರೆ ಮನೆಯಲ್ಲೇ ಮಾಡಿಕೊಳ್ಳಿ. ಅರ್ಧ ಲೀಟರ್ ಗಟ್ಟಿ ಹಾಲಿಗೆ 150 ಗ್ರಾಂ ಸಕ್ಕರೆ ಹಾಕಿ, ಅಗಲ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಕೆದಕುತ್ತಾ ಸುಮಾರು 220 ಮಿಲಿ ಆಗುವ ತನಕ ಬತ್ತಿಸಿ. ತಳ ಹಿಡಿದರೆ ಆ ವಾಸನೆ ಕ್ಯಾಂಡಿಯಲ್ಲಿ ಎದ್ದು ಕಾಣುತ್ತದೆ, ಜೋಪಾನ.

ಪ್ರಶ್ನೆ: ವಿಯೆಟ್ನಾಂ ಕಾಫಿ ಪುಡಿಯೂ ಇಲ್ಲ, ಫಿನ್ ಕೂಡ ಇಲ್ಲ. ಇನ್‌ಸ್ಟಂಟ್ ಕಾಫಿ ನಡೆಯುತ್ತದೆಯೇ?

ಉತ್ತರ: ಫಿನ್ ಇಲ್ಲದಿದ್ದರೆ ಚಿಂತೆ ಇಲ್ಲ. ಗಟ್ಟಿ ಡಿಕಾಕ್ಷನ್ ಇಳಿಯುವ ಯಾವ ಫಿಲ್ಟರ್ ಆದರೂ ಸರಿ. ಪುಡಿ ಮಾತ್ರ ರೊಬಸ್ಟಾ ಇರಲಿ, ಕಡೇ ಪಕ್ಷ ಅರ್ಧದಷ್ಟಾದರೂ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ದೇಶ ವಿಯೆಟ್ನಾಂ. ನಡುನಾಡಿನ ಎತ್ತರದ ಜಾಗದಲ್ಲಿರುವ ಬುವಾನ್ ಮಾ ಥುವೋತ್ ಊರಿನ ಸುತ್ತ ಅದರದ್ದೇ ತೋಟಗಳು. ಅರೇಬಿಕಾದ ನವಿರಾದ ಹುಳಿ ಪರಿಮಳ ಕಂಡೆನ್ಸ್ಡ್ ಮಿಲ್ಕ್‌ನ ಕೆಳಗೆ ಮುಚ್ಚಿಹೋಗುತ್ತದೆ. ರೊಬಸ್ಟಾದ ಕಹಿ ಸಿಹಿಗೂ ಚಳಿಗೂ ಜಗ್ಗುವುದಿಲ್ಲ. ಇನ್‌ಸ್ಟಂಟ್ ಆದರೆ 240 ಮಿಲಿ ಬಿಸಿನೀರಿಗೆ 12 ಗ್ರಾಂ ಹಾಕಿ. ಚೆನ್ನಾಗಿಯೇ ಇರುತ್ತದೆ, ಆದರೆ ಬಾಯಲ್ಲಿ ಉಳಿಯುವ ಆ ಸುಟ್ಟ ಕೋಕೋದಂಥ ರುಚಿ ಸಿಗುವುದಿಲ್ಲ.

ಪ್ರಶ್ನೆ: ಏಳು ತಿಂಗಳ ಗರ್ಭಿಣಿ. ಈ ಸೆಕೆಗೆ ತಣ್ಣಗೆ ಏನಾದರೂ ಬೇಕೆನಿಸುತ್ತದೆ. ಇದನ್ನು ತಿನ್ನಬಹುದೇ? ಐದು ವರ್ಷದ ಮಗಳಿಗೂ ಕೊಡಬಹುದೇ?

ಉತ್ತರ: ಮಗಳಿಗೆ ಬೇಡ ತಾಯಿ. ನಿಮಗೂ ಎಚ್ಚರಿಕೆ ಇರಲಿ. ಗರ್ಭಿಣಿಯರಿಗೆ ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಈ ಅಳತೆಯ ಒಂದು ಕ್ಯಾಂಡಿಯಲ್ಲೇ 100 ಮಿಲಿಗ್ರಾಂ ದಾಟಬಹುದು. ಬೆಳಗಿನ ಕಾಫಿ, ಟೀ ಲೆಕ್ಕ ಬೇರೆ ಇದೆ. ನಿಮ್ಮ ವೈದ್ಯರನ್ನು ಕೇಳಿ. ಅಲ್ಲಿಯ ತನಕ ಕಾಫಿಯ ಬದಲು ತೆಳು ತೆಂಗಿನಹಾಲಿಗೆ ಅದೇ ಅಳತೆಯ ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಮಾಡಿ. ತಾಯಿ ಮಗಳು ಒಟ್ಟಿಗೆ ಕೂತು ತಿನ್ನಬಹುದು.

ಪ್ರಶ್ನೆ: ಕಡ್ಡಿ ನೆಟ್ಟಗೆ ನಿಲ್ಲುವುದಿಲ್ಲ. ಎಳೆದರೆ ಕಡ್ಡಿ ಮಾತ್ರ ಕೈಗೆ ಬರುತ್ತದೆ.

ಉತ್ತರ: ಒಂದು ಒಂದೂವರೆ ಗಂಟೆ ಕಳೆದು, ಮಿಶ್ರಣ ಮಂದವಾದ ಮೇಲೆ ಕಡ್ಡಿ ಚುಚ್ಚಿ. ತೆಗೆಯುವಾಗ ಅಚ್ಚನ್ನು ನಲ್ಲಿ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ. ಬಿಸಿನೀರು ಬೇಡ, ಮೈ ಕರಗಿ ಆಕಾರ ಹೋಗುತ್ತದೆ.

ಪ್ರಶ್ನೆ: ಹಾಸ್ಟೆಲ್‌ನಲ್ಲಿದ್ದೇನೆ. ಫ್ರೀಜರ್ ಇದೆ, ಅಚ್ಚು ಇಲ್ಲ.

ಉತ್ತರ: ಅಚ್ಚು ಬೇಕೇ ಇಲ್ಲ. ನಮ್ಮ ಓಣಿಯ ಮಕ್ಕಳು ತಿನ್ನುತ್ತಿದ್ದದ್ದು 'ಕೆಮ್ ಬಿಚ್', ಅಂದರೆ ಪೊಟ್ಟಣದ ಐಸ್ ಕ್ರೀಂ. ಆಹಾರಕ್ಕೆ ಬಳಸುವ, ಉದ್ದಗಿನ ಸಣ್ಣ ಪ್ಲಾಸ್ಟಿಕ್ ಚೀಲ ತಗೊಳ್ಳಿ. ಅದನ್ನು ಲೋಟದೊಳಗೆ ನಿಲ್ಲಿಸಿ, ಅಂಚನ್ನು ಲೋಟದ ಬಾಯಿಗೆ ಮಡಚಿ, ತಣ್ಣಗಾದ ಕಾಫಿಯನ್ನು ಮುಕ್ಕಾಲು ಭಾಗ ತುಂಬಿಸಿ. ಗಾಳಿ ಹಿಂಡಿ ತೆಗೆದು ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿಯಿರಿ. ತಟ್ಟೆಯಲ್ಲಿ ಒಂದರ ಪಕ್ಕ ಒಂದು ಮಲಗಿಸಿ ಇಟ್ಟರೆ ತೆಳ್ಳಗಿರುವುದರಿಂದ ಅಚ್ಚಿಗಿಂತ ಬೇಗ ಹೆಪ್ಪುಗಟ್ಟುತ್ತವೆ. ತಿನ್ನುವಾಗ ಚೀಲದ ಹೊರಗಡೆ ಚೆನ್ನಾಗಿ ತೊಳೆದು, ತಳದ ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತುತ್ತಾ ಹೋದ ಹಾಗೆ ಮೇಲಕ್ಕೆ ಬರುತ್ತದೆ. ಕೈ ತೀರಾ ತಣ್ಣಗಾದರೆ ಬಾ ಮಾಡುತ್ತಿದ್ದ ಹಾಗೆ ಒಂದು ಕರವಸ್ತ್ರ ಸುತ್ತಿಕೊಳ್ಳಿ.